ಸಿಗ್ನಿ ಕೇಳಿದ ತಾರೀಖು

ಸಿಗ್ನಿ ಟೊರ್ವಿಕ್ ತನ್ನ ದುಡಿಮೆಯ ವರ್ಷಗಳೆಲ್ಲವನ್ನೂ ಶಾಲೆಯ ಬಸ್ಸು ಓಡಿಸುವುದರಲ್ಲೇ ಕಳೆದವಳು. ಟಾರ್ಬೆಲ್ ಕೊಲ್ಲಿಯ ಊರಿನಲ್ಲಿ ಇಂದು ಅಂಗಡಿ ಇಟ್ಟವರು, ದೋಣಿ ಇಟ್ಟವರು, ಕಚೇರಿಯ ಕುರ್ಚಿಯಲ್ಲಿ ಕುಳಿತವರು, ಎಲ್ಲರೂ ಒಂದು ಕಾಲಕ್ಕೆ ಅವಳ ಬಸ್ಸಿನ ಕನ್ನಡಿಯಲ್ಲಿ ಕಂಡ ಮುಖಗಳೇ. ಅವಳು ಒಮ್ಮೆ ತಿರುಗಿ ನೋಡಿದರೆ ಹಿಂದಿನ ಸೀಟಿನ ತನಕ ಗಲಾಟೆ ಅಡಗುತ್ತಿತ್ತು. ಅಂಥವಳಿಗೆ ಊರಿನ ಉದ್ಯಾನ ಮಂಡಳಿಯನ್ನು ಮಾತ್ರ ಒಂದಿಂಚು ಅಲುಗಿಸಲಾಗಲಿಲ್ಲ.

ಅವಳು ಕೇಳಿದ್ದು ದೊಡ್ಡದೇನಲ್ಲ. ಕಡಲ ದಂಡೆಯ ಉದ್ಯಾನದಿಂದ ಕೆಳಗೆ ನೀರಿನವರೆಗೆ, ಗಾಲಿಕುರ್ಚಿ ಹೋಗುವಂಥ ಒಂದು ಇಳಿಜಾರು ದಾರಿ. ಗಂಡ ಆರ್ಲೋಗೆ ಲಕ್ವ ಹೊಡೆದು ಎಡಗಾಲು ಬಿದ್ದುಹೋದ ಮೇಲೆ ಅವನು ಆ ದಂಡೆಗೆ ಇಳಿದಿರಲಿಲ್ಲ. ನೀರು ದೂರ ಸರಿಯುವ ಇಳಿತದ ದಿನಗಳಲ್ಲಿ ಊರಿಗೆ ಊರೇ ಬಕೆಟ್ಟು, ಸಲಿಕೆ ಹಿಡಿದು, ನೆಲದಲ್ಲಿ ತೂತು ಕಂಡಲ್ಲೆಲ್ಲ ಕಪ್ಪೆಚಿಪ್ಪು ಅಗೆಯಲು ಇಳಿಯುತ್ತದೆ. ಆರ್ಲೋ ಮೇಲೆ ತಡೆಗೋಡೆಯ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿಕೊಂಡು, ದುರ್ಬೀನು ಹಿಡಿದು ಕೂಗುತ್ತಿದ್ದ.

"ಎಡಕ್ಕೆ, ಸಿಗ್ನಿ. ಇನ್ನೂ ಎಡಕ್ಕೆ. ಅಷ್ಟು ದೊಡ್ಡ ತೂತು ಕಾಣಲ್ವಾ ನಿಂಗೆ?"

"ಅಷ್ಟು ಕಾಣೋದಾದ್ರೆ ನೀನೇ ಬಂದು ಅಗಿ," ಎಂದು ಅವಳು ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟಳು. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಮರುದಿನವೇ ಮಂಡಳಿಯ ಬಾಗಿಲು ತಟ್ಟಿದಳು.

ಮಂಡಳಿ ಇಲ್ಲವೆನ್ನಲಿಲ್ಲ. ಇಲ್ಲವೆಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮೊದಲು ಚಿತ್ರ ಬರೆಯುವವರು ಬಂದರು. ಅವರ ಚಿತ್ರದ ಇಳಿಜಾರಿನಲ್ಲಿ ಟೋಪಿ ಹಾಕಿದ ತೆಳ್ಳನೆಯ ಹೆಂಗಸರು ನಾಯಿ ಹಿಡಿದು ನಡೆಯುತ್ತಿದ್ದರು. ಆಮೇಲೆ ಊರವರನ್ನು ಕರೆದು, ಗೋಡೆಯ ಮೇಲೆ ನಕಾಶೆ ತೂಗುಹಾಕಿ, ಬೇಕಾದ ಕಡೆ ಬಣ್ಣದ ಚುಕ್ಕೆ ಅಂಟಿಸಿ ಎಂದರು. ಸಿಗ್ನಿ ತನಗೆ ಕೊಟ್ಟ ಚುಕ್ಕೆಗಳನ್ನೆಲ್ಲ ಇಳಿಜಾರಿನ ಮೇಲೇ ಒತ್ತಿ ಬಂದಳು. ಮತ್ತೊಂದು ವರ್ಷ ಅದೇ ನಕಾಶೆ, ಅದೇ ಚುಕ್ಕೆ, ಅದೇ ಒಣ ಬಿಸ್ಕತ್ತು. ಕೊನೆಗೆ ಪರಿಸರ ಪರಿಶೀಲನೆ ಶುರುವಾಯಿತು.

ಅದರ ಫಲ ತಿಳಿಸಲು ಊರಿನ ಯೋಜನಾಧಿಕಾರಿ ಮರಿಸೋಲ್ ಕ್ವಿಂಟಾನಾ ತಾನೇ ಮನೆಗೆ ಬಂದಳು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳೇ ಹೊರತು ಕುಡಿಯಲಿಲ್ಲ.

"ಸಿಗ್ನಿ, ದಾರಿ ಬರಬೇಕಾದ ಕಡೆ ಜಲ್ಲಿಯಲ್ಲಿ ಮೀನಿನ ಮೊಟ್ಟೆ ಸಿಕ್ಕಿವೆ. ಸ್ಮೆಲ್ಟ್ ಮೀನಿಂದು. ಕಾನೂನು ಪ್ರಕಾರ ಅಲ್ಲಿ ಕಾಂಕ್ರೀಟು ಹಾಕೋ ಹಾಗಿಲ್ಲ."

ಆರ್ಲೋ ಮೇಜು ಕುಟ್ಟಿದ. "ಬಂದ್ವಾ! ಕೊನೆಗೂ ಬಂದ್ವಾ ಅವು!"

ಆ ಜಲ್ಲಿ ಅಲ್ಲಿ ಹುಟ್ಟಿದ್ದಲ್ಲ. ಮರ ಕೊಯ್ಯುವ ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ ದಂಡೆ ಬರೀ ಕೆಸರಾಗಿತ್ತು. ಬೆರಳುದ್ದದ ಆ ಬೆಳ್ಳಿ ಮೀನು ನುಣುಪು ಜಲ್ಲಿಯಲ್ಲಿ ಮೊಟ್ಟೆಯಿಡುತ್ತದೆ, ಅದಿದ್ದರೆ ದೊಡ್ಡ ಸಾಲ್ಮನ್ ಮೀನಿಗೆ ಊಟ ಎಂದು ಯಾರೋ ತಿಳಿದವರು ಹೇಳಿದ್ದೇ ತಡ, ಲಕ್ವಕ್ಕೆ ಮೊದಲಿನ ಆ ದಿನಗಳಲ್ಲಿ ಗಂಡ ಹೆಂಡತಿ ಊರವರನ್ನು ಕಟ್ಟಿಕೊಂಡು ಶನಿವಾರಗಳಂದು ಬಕೆಟ್ಟಿನಲ್ಲಿ ಜಲ್ಲಿ ಹೊತ್ತು ಹಾಕಿದ್ದರು. ವರ್ಷಗಳೇ ಕಳೆದರೂ ಒಂದು ಮೀನೂ ಕಾಣಲಿಲ್ಲ. "ಸಿಗ್ನಿ, ನಿನ್ನ ಮೀನಿಗೆ ವಿಳಾಸ ಕೊಟ್ಟಿದ್ದೀಯಾ ತಾನೆ?" ಎಂದು ಕಾಫಿ ಅಂಗಡಿಯಲ್ಲಿ ಕೆಣಕುತ್ತಿದ್ದರು.

ಆ ಮೀನು ಬರುವುದಕ್ಕೆ ಇದೇ ಹೊತ್ತು ಬೇಕಾಗಿತ್ತೇ?

ಎರಡು ದಿನದ ಮೇಲೆ ಮಂಡಳಿಯ ಅಧ್ಯಕ್ಷ ವೆಂಡೆಲ್ ಕ್ರೋಕರ್ ಅಂಚೆ ಕಚೇರಿಯ ಬಳಿ ಅವಳನ್ನು ಪಕ್ಕಕ್ಕೆ ಕರೆದ. ಅವನೂ ಅವಳ ಬಸ್ಸಿನಲ್ಲಿ ಬೆಳೆದವನೇ.

"ಒಂದು ಉಪಾಯ ಇದೆ ಮಿಸೆಸ್ ಟೊರ್ವಿಕ್. ಆ ಜಲ್ಲಿ ಜನ ತಂದು ಸುರಿದಿದ್ದು, ದಂಡೆಯ ಸಹಜ ಸ್ವರೂಪ ಅಲ್ಲ ಅಂತ ನೀವು ಸಭೇಲಿ ಹೇಳ್ಬಿಡಿ. ಸುರಿದವ್ರು ನೀವೇ ಅಲ್ವಾ. ಅದನ್ನೇ ಹಿಡ್ಕೊಂಡು ವಿನಾಯಿತಿ ಕೇಳ್ತೀವಿ. ಸಿಕ್ರೆ ಈ ಬೇಸಿಗೇಲೇ ಕೆಲಸ."

ಈ ಬೇಸಿಗೆ. ಆ ಮಾತನ್ನು ಅವಳು ಮನೆಯವರೆಗೂ ಹೊತ್ತು ತಂದಳು. ಆರ್ಲೋ ಕೇಳಿಸಿಕೊಂಡು ಆಲೂಗಡ್ಡೆ ಸುಲಿಯುತ್ತಲೇ ಕುಳಿತ.

"ಏನಾದ್ರೂ ಹೇಳು ಮಾರಾಯ. ನಿನ್ ಕಾಲಿನ ವಿಷಯ ಇದು."

"ನನ್ ಕಾಲು ನೆಪ ಮಾಡ್ಕೊಂಡು ಆ ಮೊಟ್ಟೆ ಮೇಲೆ ಕಾಂಕ್ರೀಟು ಸುರೀಬೇಡ. ಬೆನ್ನು ಮುರ್ಕೊಂಡು ಹೊತ್ತಿದ್ದೀನಿ ಆ ಜಲ್ಲೀನ."

"ಹಾಗಾದ್ರೆ ಸಾಯೋತನಕ ಗೋಡೆ ಪಕ್ಕದಿಂದ ಕೂಗ್ತಾ ಇರ್ತೀಯಾ?"

"ನೀನು ಸರಿಯಾಗಿ ಅಗೆದ್ರೆ ನಾನ್ಯಾಕೆ ಕೂಗ್ಲಿ?"

ಅವಳು ಪಾತ್ರೆಯ ಮೇಲೆ ಮುಚ್ಚಳವನ್ನು ಕುಕ್ಕಿ ಹೊರಗೆ ಹೋದಳು.

ಅಹವಾಲು ಸಭೆಯ ದಿನ ಊರ ಸಭಾಂಗಣ ತುಂಬಿತ್ತು. ಒಬ್ಬೊಬ್ಬರಿಗೆ ಮಾತಾಡಲು ಮೂರು ನಿಮಿಷ. ಆರ್ಲೋ ಹಿಂದಿನ ಬಾಗಿಲ ಬಳಿ ಕುರ್ಚಿಯಲ್ಲಿದ್ದ. ಸಿಗ್ನಿ ಮೈಕಿನ ಮುಂದೆ ನಿಂತಾಗ ವೆಂಡೆಲ್ ಅವಳಿಗೆ ಧೈರ್ಯ ಕೊಡುವಂತೆ ತಲೆಯಾಡಿಸಿದ.

"ಜಲ್ಲಿ ಸುರಿದಿದ್ದು ನಾವು," ಎಂದಳು. "ಮೀನು ಬರ್ಲಿ ಅಂತಾನೇ ಸುರಿದ್ವಿ. ಬಂದಿವೆ. ಈಗ ಅವು ನಮ್ಮವಲ್ಲ ಅನ್ನೋಕೆ ನನ್ ಕೈಲಾಗಲ್ಲ."

ವೆಂಡೆಲ್ಲನ ತಲೆ ಅಲ್ಲಾಡುವುದು ನಿಂತಿತು.

"ದಾರೀನ ಬಡಗಣ ಮೂಲೇಲಿ ಮಾಡಿ. ಅಲ್ಲಿ ಬರೀ ಬಂಡೆ, ಯಾವ ಮೊಟ್ಟೇನೂ ಇಲ್ಲ ಅಂತ ನಿಮ್ಮ ವರದೀಲೇ ಇದೆ. ನನ್ ಗಂಡ ನೀರಿಗೆ ಇಳಿಯೋದು ಯಾವತ್ತು? ತಾರೀಖು ಹೇಳಿ."

"ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಮಿಸೆಸ್ ಟೊರ್ವಿಕ್."

"ಅದು ಅಭಿಪ್ರಾಯ ಅಲ್ಲ, ವೆಂಡೆಲ್. ಪ್ರಶ್ನೆ."

"ನಿಮ್ಮ ಸಮಯ ಮುಗೀತು."

ಅಷ್ಟರಲ್ಲಿ ನೆರೆಮನೆಯ ಡಾಟಿ ಪೆಲ್ಕಿ ಎದ್ದಳು. "ನನ್ ಮೂರು ನಿಮಿಷ ಸಿಗ್ನಿಗೆ." ಮೀನಂಗಡಿಯವನು ಕುಳಿತಲ್ಲಿಂದಲೇ ಕೈಯೆತ್ತಿದ. "ನಂದೂ."

ಆದರೆ ಸಿಗ್ನಿಗೆ ಹೇಳಲು ಬೇರೇನೂ ಉಳಿದಿರಲಿಲ್ಲ. ಮೈಕಿನ ಮುಂದೆ ಕೈಕಟ್ಟಿ ಸುಮ್ಮನೆ ನಿಂತಳು. ಗೋಡೆಯ ಗಡಿಯಾರ ಓಡುತ್ತಿತ್ತು. ಯಾರೋ ಕೆಮ್ಮಿದರು. ವೆಂಡೆಲ್ ಕಾಗದ ಮಗುಚಿದ, ನೀರು ಕುಡಿದ, ಮತ್ತೆ ಕಾಗದ ಮಗುಚಿದ. ಹಿಂದಿನ ಸಾಲಿನಿಂದ ಇನ್ನೊಂದು ಕೈ ಮೇಲೆದ್ದಿತು.

ಮಂಡಳಿಯ ಮೇಜಿನ ತುದಿಯಲ್ಲಿ ಕುಳಿತಿದ್ದ ಮರಿಸೋಲ್‌ಗೆ ತಡೆಯಲಾಗಲಿಲ್ಲ. "ಬಡಗಣ ಮೂಲೆಗೆ ಹೊಸದಾಗಿ ಪರಿಶೀಲನೆ ಆಗ್ಬೇಕು," ಎಂದಳು. "ಈ ಬೇಸಿಗೆ ಆಗಲ್ಲ. ಬರೋ ಬೇಸಿಗೇನೂ ಆಗಲ್ಲ. ಅದರಾಚೆ ಬೇಸಿಗೆ, ಜುಲೈ ಹೊತ್ತಿಗೆ... ಬಹುಶಃ."

ಸಿಗ್ನಿ ಬಾಗಿಲ ಕಡೆ ತಿರುಗಿ ಗಂಡನ ಮುಖ ನೋಡಿದಳು. ಎರಡು ಬೇಸಿಗೆ ಇನ್ನೂ ಆ ಗೋಡೆಯ ಪಕ್ಕದಲ್ಲೇ. ಅವನು ಆಗಲಿ ಎನ್ನುವಂತೆ ಭುಜ ಕುಣಿಸಿದ. ಅವಳು ಮೈಕನ್ನು ಮತ್ತೆ ತನ್ನತ್ತ ಎಳೆದುಕೊಂಡಳು.

"ಬಹುಶಃ ಅನ್ನೋದನ್ನ ಬಿಟ್ಟು ಬರ್ಕೊಳ್ಳಿ. ಬರೆಯೋತನಕ ನಾನು ಇಲ್ಲೇ ನಿಂತಿರ್ತೀನಿ."