ಬೇವಿನ ಬುಡಕ್ಕೆ ಸುರಿದ ದ್ರಾಕ್ಷಾರಸ

ಕಾಯಿಲೆ ಬಿದ್ದವರ ಮನೆಗೆ ಬಂದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಲ್ಲರೂ ಒಂದೇ ಥರ ಇರುವುದಿಲ್ಲ, ಗೊತ್ತು. ಆದರೆ ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟ ವರ್ಷ ವಿಜಯಪುರದ ನಮ್ಮ ಮನೆಗೆ ಬಂದವರಲ್ಲಿ ಹೆಚ್ಚಿನವರು ಒಂದು ಕಣ್ಣು ಅರ್ಧ ತೆರೆದುಕೊಂಡೇ ಆಮೆನ್ ಅಂದರು. ಆ ಅರ್ಧ ಕಣ್ಣು ಆಕೆಯ ಎಡಗೈ ಮೇಲೆ ಇರುತ್ತಿತ್ತು.

ವಾರಕ್ಕೆ ಎರಡು ಸಲ ಆಕೆಗೆ ಡಯಾಲಿಸಿಸ್ ಆಗಬೇಕು. ದಪ್ಪ ಸೂಜಿ ಚುಚ್ಚಲು ಅನುಕೂಲವಾಗಲಿ ಎಂದು ಡಾಕ್ಟರು ಎಡಗೈಯ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದಾರೆ. ಕೆಲವೇ ತಿಂಗಳಲ್ಲಿ ಅದು ಹಗ್ಗದಂತೆ ಉಬ್ಬಿ ಗಂಟುಗಂಟಾಯಿತು. ಅದರ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುಂಯ್ ಅನ್ನುವುದು ಗೊತ್ತಾಗುತ್ತದೆ. ಬಂದವರ ಮುಂದೆ ಆಕೆ ಸೆರಗನ್ನು ಮೊಣಕೈವರೆಗೆ ಎಳೆದುಕೊಳ್ಳುತ್ತಿದ್ದಳು. ಎಳೆದಷ್ಟೂ ಅವರು ಅಲ್ಲೇ ನೋಡುತ್ತಿದ್ದರು.

ನಮ್ಮ ಚರ್ಚಿನ ಸಭೆಯ ಒಬ್ಬ ಹೆಂಗಸು ಒಂದು ದಿನ ಚಹಾ ಬೇಡವೆಂದು ಕೈಯಾಡಿಸಿ, ದನಿ ತಗ್ಗಿಸಿ ಹೇಳಿದಳು: "ಏನರ ಪಾಪ ಒಳಗ ಉಳಿದಿದ್ರ ಒಪ್ಕೊಂಡ್ ಬಿಡವ್ವ. ಹಗುರ ಆಗ್ತದ."

ನನ್ನ ಹೆಂಡತಿ ಗಂಭೀರವಾಗಿಯೇ ಉತ್ತರ ಕೊಟ್ಟಳು: "ಒಂದ್ ಅದ ನೋಡ್ರಿ ಅಕ್ಕಾರ. ನೀವು ಹ್ವಾದ ಮ್ಯಾಲ ನಿಮ್ಮನ್ನ ಬೈತೀನಿ."

ಆ ಹೆಂಗಸು ಮತ್ತೆ ಬರಲಿಲ್ಲ. ನಾವಿಬ್ಬರೂ ಬಹಳ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆವು.

ನಮ್ಮ ಚರ್ಚಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಕರ್ತನು ಶಿಷ್ಯರೊಡನೆ ಮಾಡಿದ ಕಡೆಯ ಊಟದ ನೆನಪಿಗೆ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ರಸವೆಂದರೆ ಅಂಗಡಿಯ ವೈನ್ ಅಲ್ಲ, ನಮ್ಮ ಕಡೆ ಮಣೂಕ ಅನ್ನುವ ಒಣದ್ರಾಕ್ಷಿಯನ್ನು ನೆನೆಹಾಕಿ ಕುದಿಸಿ ಬಿಳಿ ಬಟ್ಟೆಯಲ್ಲಿ ಹಿಂಡಿದ್ದು. ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ನನ್ನ ಹೆಂಡತಿಯದು. ಆಕೆಯ ತವರು ತಿಕೋಟಾ. ಅಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಆಕೆಯ ತಮ್ಮನ ಕೆಲಸ. ಹೀಗಾಗಿ ನಮ್ಮ ಸಭೆಗೆ ದ್ರಾಕ್ಷಿಯೂ ಆಕೆಯ ತವರಿನದು, ಹಿಂಡುವ ಕೈಯೂ ಆಕೆಯದು ಎಂದು ಮೊದಲು ಎಲ್ಲರೂ ಹೊಗಳುತ್ತಿದ್ದರು.

ಕಾಯಿಲೆ ಬಂದ ಮೇಲೂ ಆಕೆ ಬಿಡಲಿಲ್ಲ. ಎಡಗೈಗೆ ಭಾರ ಬೀಳಬಾರದು ಎಂದಿದ್ದರಿಂದ ಬಲಗೈ ಒಂದರಲ್ಲೇ ಹಿಂಡುತ್ತಿದ್ದಳು. ಒಂದು ತಾಸಿನ ಕೆಲಸಕ್ಕೆ ಮೂರು ತಾಸು. ಕೆಟ್ಟ ಕಿಡ್ನಿಗೆ ಒಣದ್ರಾಕ್ಷಿ ವಿಷವಿದ್ದಂತೆ, ಚರ್ಚಿನ ಆ ಒಂದು ಗುಟುಕು ಬಿಟ್ಟರೆ ಆಕೆ ಬಾಯಿಗೆ ಹಾಕುವ ಹಾಗಿಲ್ಲ. ನೀರು ಕೂಡ ದಿನಕ್ಕೆ ಇಷ್ಟೇ ಎಂದು ಅಳತೆ. ಅಳತೆ ತಪ್ಪಬಾರದೆಂದು ಆಕೆಗೊಂದು ಸ್ಟೀಲಿನ ಲೋಟ ಬೇರೆ ಇಟ್ಟಿದ್ದೆ. ಕುದಿಯುವ ಪಾತ್ರೆಯ ಮೇಲೆ ಮುಖ ಬಗ್ಗಿಸಿ ನಿಂತು, "ಬಾಯಿಗಿ ಇಲ್ಲಂದ್ರ ಮೂಗಿಗರ ಸಿಗಲಿ" ಅನ್ನುತ್ತಿದ್ದಳು.

ಒಂದು ಶನಿವಾರ ನಾನು ಸಿಟ್ಟಿಗೆದ್ದೆ. ಅರ್ಧ ದಿನ ಪಾಠ ಮಾಡಿ ಬಬಲೇಶ್ವರದ ಶಾಲೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ, ತಲೆ ಮೊದಲೇ ಕಾದಿತ್ತು. "ಯಾರ ಸಲುವಾಗಿ ಸಾಯಾಕತ್ತಿ? ಬ್ಯಾರೆ ಯಾರರ ಮಾಡ್ಲಿ ಬಿಡು" ಅಂದೆ.

ಆಕೆ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಊಟಕ್ಕ ಕರದಾಂವ, ಆ ಕರ್ತ, ಮತ್ತ ಬರ್ತೀನಿ ಅಂತ ಹೇಳಿ ಹೋಗ್ಯಾನ. ಬಂದಽ ಬರ್ತಾನ. ಅಲ್ಲೀತನಾ ಅಡಗಿ ಮಾಡವ್ರು ಎದ್ದು ಹೋಗಬಾರ್ದು. ಈ ತಿಂಗಳದ್ದು ಮುಗೀತಂದ್ರ ಮುಂದಿನ ತಿಂಗಳದ ಮಣೂಕ ತರಾಕ ತಮ್ಮಗ ಹೇಳ್ತೀನಿ. ನಾ ಹಂಗಽ ತಿಂಗಳಾ ದಾಟಾಕತ್ತೇನ್ರಿ."

ನಿರೀಕ್ಷೆಯ ಬಗ್ಗೆ ಚಿಕ್ಕಂದಿನಿಂದ ಪಾಸ್ಟರುಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ. ಬೆಂಚಿನ ಮೇಲೆ ತೂಕಡಿಸಿದ್ದೇ ಹೆಚ್ಚು. ಅಡುಗೆಮನೆಯಲ್ಲಿ ಕೇಳಿದ ಈ ನಾಲ್ಕು ಮಾತು ಮಾತ್ರ ಒಳಗೆ ಇಳಿಯಿತು. ತಿಂಗಳಿಗೊಮ್ಮೆ ತಿಕೋಟಾದಿಂದ ಬರುವ ಒಂದು ಚೀಲ ಒಣದ್ರಾಕ್ಷಿಯನ್ನು ಹಿಡಿದುಕೊಂಡು ಆಕೆ ಬದುಕಿದ್ದಾಳೆ ಎಂದು ಅವತ್ತು ತಿಳಿಯಿತು.

ಮರುದಿನ ಬಾಟಲಿ ತೆಗೆದುಕೊಂಡು ನಾನೇ ಮುಂಚೆ ಚರ್ಚಿಗೆ ಹೋದೆ. ಆಕೆ ಆಮೇಲೆ ಆಟೋದಲ್ಲಿ ಬರುವವಳಿದ್ದಳು. ಸಭೆಯ ಹಿರಿಯರೊಬ್ಬರು ಬಾಗಿಲಲ್ಲೇ ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು.

"ಮಾಸ್ತರ, ತಪ್ಪ ತಿಳ್ಕೋಬ್ಯಾಡ್ರಿ. ಮಂದಿ ಒಂದ್ ನಮೂನಿ ಮಾಡಾಕತ್ಯಾರ. ಆ ಕೈಯಾಗ ಹಿಂಡಿದ್ದು ಅಂತ ಹೆಣ್ಮಕ್ಕಳು ಹೇಸತಾರ. ನಾವು ಬ್ಯಾರೆ ತಂದೀವಿ. ಪಾಸ್ಟರಿಗಿ ಇದೆಲ್ಲಾ ಹೇಳೂದು ಬ್ಯಾಡ. ನಿಮ್ಮ ಮನ್ಯಾಗೂ ಹೇಳಬ್ಯಾಡ್ರಿ, ಪಾಪ, ಮನಸಿಗಿ ಹಚ್ಕೋತಾರ."

'ಪಾಪ' ಎಂಬ ಆ ಮಾತಿಗೇ ನನಗೆ ಹೇಸಿಗೆಯಾಯಿತು. ನನ್ನ ಅಜ್ಜ ಬಬಲೇಶ್ವರದ ಸಂತೆಯಲ್ಲಿ ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿದವನು. ಅಂಗಡಿಯ ಹೊರಗೆ ಕುಕ್ಕರಗಾಲಿನಲ್ಲಿ ಕೂತು, ಮೇಲಿನಿಂದ ಹೊಯ್ದದ್ದನ್ನು ಹಿಡಿದು ಕುಡಿಯಬೇಕಿತ್ತು. ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುತ್ತಾರೆ ಎಂದು ಕೇಳಿ ಅವನು ಚರ್ಚಿನ ಮೆಟ್ಟಿಲು ಹತ್ತಿದ. ಈ ಹಿರಿಯರ ಅಜ್ಜನೂ ಹಾಗೆಯೇ ಬಂದವನು. ಆ ಚಿಪ್ಪನ್ನು ನಾವು ಬಿಸಾಕಿರಲಿಲ್ಲ, ಎಲ್ಲೋ ಜೋಪಾನವಾಗಿ ಇಟ್ಟುಕೊಂಡಿದ್ದೆವು, ಈಗ ನನ್ನ ಹೆಂಡತಿಗೆಂದು ಹೊರತೆಗೆದೆವು.

ಇಷ್ಟೆಲ್ಲ ಅವರ ಮುಖಕ್ಕೆ ಹೇಳಿದೆನೇ? ಇಲ್ಲ. "ಆತು ಬಿಡ್ರಿ" ಅಂದೆ. ಚರ್ಚಿನ ಹಿಂದೆ ಹೋಗಿ ಬಾಟಲಿಯನ್ನು ಬೇವಿನ ಮರದ ಬುಡಕ್ಕೆ ಬೋರಲು ಹಾಕಿದೆ. ಮೂರು ತಾಸು ಒಂದೇ ಕೈಯಲ್ಲಿ ಹಿಂಡಿದ್ದು ಮಣ್ಣಿಗೆ ಇಳಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಅವತ್ತು ಪಾತ್ರೆಯಲ್ಲಿ ಇದ್ದದ್ದು ಅಂಗಡಿಯ ಬಣ್ಣದ ಶರಬತ್ತು. ಕುಡಿದವರ ನಾಲಿಗೆಯೆಲ್ಲ ಕೆಂಪು. ಆ ಕೆಂಪು ನಾಲಿಗೆಗಳು ಕಾಣುವಂತೆ ಬಾಯಿ ತೆರೆದು ಎಲ್ಲರೂ ಕೀರ್ತನೆ ಹಾಡುವುದನ್ನು ನೋಡಿ ನನಗೆ ಅಸಹ್ಯವಾಯಿತು. ಪಾಸ್ಟರು ಹಿಂದಿನ ಬೆಂಚಿಗೆ ಪಾತ್ರೆ ತಂದು ನನ್ನ ಹೆಂಡತಿಗೂ ಒಂದು ಗುಟುಕು ಕೊಟ್ಟರು. ನಾನು ಓರೆಗಣ್ಣಿನಲ್ಲಿ ನೋಡಿದೆ. ಆದರೆ ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ. ಕಾಯಿಲೆ ಬಂದಂದಿನಿಂದ ತಿಂದದ್ದೆಲ್ಲ ಕಬ್ಬಿಣ ನೆಕ್ಕಿದಂತೆ ಆಗುತ್ತದೆ ಎಂದು ಆಕೆಯೇ ಹೇಳುತ್ತಿದ್ದಳು. ಬಾಯಿ ಸತ್ತಿದೆ, ಗೊತ್ತಾಗುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಮನೆಗೆ ಬಂದ ಮೇಲೆ ಕೇಳಿದಳು: "ಎಲ್ಲಾರೂ ಕುಡದ್ರೇನ್ರಿ?"

"ಕುಡದ್ರು. ಪಾತ್ರೆ ಖಾಲಿ ಆತು."

ಇದು ಸುಳ್ಳಲ್ಲ ನೋಡಿ. ಪಾತ್ರೆ ಖಾಲಿಯಾದದ್ದು ನಿಜ. ಹೀಗೆ ಮಾತು ಜೋಡಿಸಿ ಆಡುವುದನ್ನು ನಾನು ಶಾಲೆಯ ಮಕ್ಕಳಲ್ಲಿ ಕಂಡರೆ ಕಿವಿ ಹಿಂಡುತ್ತೇನೆ.

ಹೀಗೆ ನಾಲ್ಕು ತಿಂಗಳು ನಡೆಯಿತು. ಆಕೆ ಹಿಂಡುವುದು, ನಾನು ಒಯ್ಯುವುದು, ಬೇವಿನ ಬುಡದಲ್ಲಿ ಇರುವೆ ಮುತ್ತುವುದು. ಚರ್ಚಿನಲ್ಲಿ ಆ ಹಿರಿಯರು ನನ್ನ ಕೈ ಕುಲುಕಿ, "ದಿನಾ ಪ್ರಾರ್ಥನಾ ಮಾಡಾಕತ್ತೀವ್ರಿ" ಅನ್ನುವರು. ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ. ದೇವರ ಮೇಲಿನ ನಂಬಿಕೆ ಹೋಗಿರಲಿಲ್ಲ, ದೇವರ ಮಂದಿಯನ್ನು ಕಂಡರೆ ಮಾತ್ರ ಹೇಸಿಗೆಯಾಗುತ್ತಿತ್ತು.

ಐದನೆಯ ತಿಂಗಳು ನನಗೆ ತಡೆಯಲಾಗಲಿಲ್ಲ. ಆಕೆಯ ತಮ್ಮನಿಗೆ ಬಿಡುವಿರಲಿಲ್ಲವೆಂದು ಒಣದ್ರಾಕ್ಷಿ ತರಲು ತಿಕೋಟಾಕ್ಕೆ ಹೋದವನು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಬರಿಗೈಯಲ್ಲಿ ವಾಪಸು ಬಂದೆ. "ಮಣೂಕ ಸಿಗಲಿಲ್ಲ" ಅಂದೆ.

ಆಕೆ ನನ್ನ ಮುಖ ನೋಡಿ ನಕ್ಕಳು. "ತಿಕೋಟಾದಾಗ ಮಣೂಕ ಸಿಗಲಿಲ್ಲ? ರೀ, ಸುಳ್ಳ ಹೇಳಾಕರ ಛಂದಂಗ ಕಲೀರಿ."

ಆಕೆ ಸೆರಗು ಸರಿಸಿ, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಸಾವಕಾಶವಾಗಿ ಹೇಳಿದಳು:

"ಮೊದಲನೇ ತಿಂಗಳಽ ಗೊತ್ತಾತು. ನನ್ನ ಬಾಯಿಗಿ ರುಚಿ ಇಲ್ಲ, ಖರೆ. ಕಣ್ಣು ಅದಾವಲ್ರಿ? ಮಣೂಕದ ರಸ ಕುಡದ್ರ ಯಾರ ನಾಲಿಗಿ ಕೆಂಪ ಆಗ್ತದ? ಬೇವಿನ ಗಿಡದ ಬುಡಕ ಇರುವಿ ಸಾಲ ಹಚ್ಚಿದ್ದೂ ನೋಡೀನಿ."

"ಮತ್ತ ಯಾಕ ಮಾಡ್ತಿದ್ದಿ?"

"ನಾ ಅವರ ಸಲುವಾಗಿ ಮಾಡ್ತಿದ್ನೇನು? ಅವರು ಹೇಸಕೊಂಡ್ರ ಅವರ ಹೇಸಿಗಿ. ಅದು ಬಿಡ್ರಿ. ನಾ ಒಂದ್ ಕೇಳ್ತೀನಿ, ಖರೇ ಹೇಳ್ರಿ. ಚೆಲ್ಲೂ ಮುಂದ ನೀವೊಂದ್ ಗುಟುಕ ಕುಡದಿದ್ರೇನು?"

ನಾನು ಕುಡಿದಿರಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಸಲವೂ ಇಲ್ಲ. ಮೊದಲನೆಯ ಸಲ ಮುಚ್ಚಳ ತೆಗೆದು ಬಾಟಲಿಯನ್ನು ತುಟಿಯ ಹತ್ತಿರ ತಂದದ್ದು ನಿಜ. ಆ ಕೈ ನೆನಪಾಯಿತು. ಗಂಟುಗಂಟಾದ ನರ, ಅದರ ಮೇಲಿನ ಸೂಜಿಯ ತೂತು, ಒಳಗಿನ ಗುಂಯ್ ಸದ್ದು. ತಟ್ಟನೆ ಬೋರಲು ಹಾಕಿಬಿಟ್ಟೆ. ಹಿರಿಯರ ಮಾತಿಗೆ ಕಟ್ಟುಬಿದ್ದು ಚೆಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ನೀರಿನ ಅಳತೆಗೆಂದು ಆಕೆಯ ಲೋಟ ಬೇರೆ ಇಟ್ಟದ್ದೂ ಅರ್ಧ ಮಾತ್ರ ನಿಜ. ಅಳತೆ ಒಂದು ನೆಪವಾಗಿ ಸಿಕ್ಕಿತ್ತು. ಅಪ್ಪಿತಪ್ಪಿ ಆ ಲೋಟ ನನ್ನ ಕೈಗೆ ಬಂದರೆ ತೊಳೆದಿಟ್ಟು ಬೇರೆಯದರಲ್ಲಿ ಕುಡಿಯುತ್ತಿದ್ದೆ. ಆಕೆ ಅದನ್ನೂ ನೋಡಿದ್ದಳು. ಇಷ್ಟು ದಿನ ಊರಮಂದಿಯನ್ನು ಕಂಡು ಹೇಸಿಕೊಂಡ ನಾನು ಅವರಿಗಿಂತ ಕಡೆ.

"ಇಲ್ಲ" ಅಂದೆ.

ಆಕೆ ಅಳಲಿಲ್ಲ, ಬೈಯಲಿಲ್ಲ. "ಹೋಗಿ ಮಣೂಕ ತರ್ರಿ. ಕಡೀ ಬಸ್ಸಿಗಿ ಇನ್ನೂ ಟೈಮ್ ಅದ" ಅಂದಳು.

ಅವತ್ತೇ ಮತ್ತೆ ತಿಕೋಟಾಕ್ಕೆ ಹೋಗಿ ತಂದೆ. ಮರುದಿನ ಆಕೆ ಹಿಂಡಿದಳು. ಪಾತ್ರೆಯ ಅಂಚು ಹಿಡಿದುಕೊಂಡು ನಾನು ಎದುರಿಗೆ ಕೂತಿದ್ದೆ. ಬಾಟಲಿ ತುಂಬಿಸಿ, "ಇದನ್ನ ಹಿರ್ಯಾರ ಕೈಯಾಗ ಕೊಡ್ರಿ. ಚೆಲ್ಲೂದಿದ್ರ ಅವರಽ ಚೆಲ್ಲಲಿ, ನೀವು ಚೆಲ್ಲಬ್ಯಾಡ್ರಿ" ಅಂದಳು. ಉಳಿದ ರಸವನ್ನು ತನ್ನ ಅಳತೆಯ ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಇಟ್ಟಳು.

ಹೇಸಿಗೆ ಬರಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಗಂಟಲಿಗೆ ಬಂದು ನಿಂತಿತ್ತು. ಅದರ ಮೇಲೆಯೇ ಕುಡಿದೆ, ಲೋಟ ಬರಿದಾಗುವವರೆಗೆ. ಆಕೆ ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಹೆಂಗ ಆಗ್ಯದ?"

"ಸ್ವಲ್ಪ ನೀರು ಹೆಚ್ಚಾಗ್ಯದ."

"ಹಂಗೇನು?" ಆಕೆಯ ಮುಖ ಅರಳಿತು. "ನನಗ ರುಚಿ ನೋಡಾಕ ಬರಂಗಿಲ್ಲಲ್ರಿ, ಹೇಳವ್ರು ಯಾರೂ ಇರಲಿಲ್ಲ. ಇನ್ನ ತಿಂಗಳಾ ನೀವು ಕುಡದು ಹೇಳ್ರಿ. ಮುಂದಿನ ತಿಂಗಳಾ ಮಣೂಕ ಜಾಸ್ತಿ ತರಾಕ ತಮ್ಮಗ ಈಗಽ ಫೋನ್ ಹಚ್ರಿ."