ಹನುಮವ್ವನ ಕರಣಿ

ಮುಂಬಯಿಯ ಚೆಂಬೂರಿನ ನಮ್ಮ ಮನೆಯ ಹಿಂದೆ ಒಂದು ಸಣ್ಣ ಈಜುಕೊಳವಿದೆ. ಫೋರ್ಟಿನಲ್ಲಿ ಹೋಟೆಲು ನಡೆಸಿ ಮೊಣಕಾಲು ಸವೆಸಿಕೊಂಡ ನನ್ನ ಗಂಡ ಪೂವಪ್ಪನವರಿಗೆ ನೀರಿನಲ್ಲಿ ನಡೆಯುವುದೇ ಔಷಧಿ. ತಳದ ಗಿಲಾವು ಎದ್ದು ಅವರ ಅಂಗಾಲು ತರಚತೊಡಗಿದಾಗ ಹೊಸದು ಹಾಕಿಸಲು ಹೊರಟೆವು. ಆ ಕೆಲಸ ಹೇಗೆ ಕೆಟ್ಟಿತೆಂಬ ಕಥೆಯನ್ನು ನಾನು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ, ಏಕೆಂದರೆ ಅದು ಹನುಮವ್ವನ ಕಥೆ.

ಹನುಮವ್ವ ಯಾದಗಿರಿ ಕಡೆಯವಳು. ಮುಂಬಯಿಗೆ ಬಂದಂದಿನಿಂದ ಗಾರೆ ಮಿಸ್ತ್ರಿಯಾದ ಗಂಡ ಖಂಡಪ್ಪನ ಹಿಂದೆ ಘಮೇಲಾ ಎಂಬ ಸಿಮೆಂಟಿನ ಬಾಣಲಿ ಹೊತ್ತವಳು. ಹೆಂಗಸರಿಗೆ ಹೊರುವುದಷ್ಟೇ, ಗಿಲಾವು ಎಳೆಯುವ ಕರಣಿ ಗಂಡಸರ ಕೈಗೆ. ಆದರೆ ನಮ್ಮ ಕಾಂಪೌಂಡ್ ಕಟ್ಟುವಾಗ ಖಂಡಪ್ಪ ಊಟಕ್ಕೆ ಕೂತ ಹೊತ್ತಿನಲ್ಲಿ ಇವಳು ಗಿಲಾವು ಎಳೆದದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ಕಂಡಿದ್ದೆ. ಗಂಡನಿಗಿಂತ ನುಣುಪು! ಕೊಳದ ಕೆಲಸ ಇವಳೇ ಮಾಡಬೇಕು ಎಂದು ಹಟ ಹಿಡಿದೆ.

ಶ್ರೀಮಂತ ಎಂಬ ಹೆಸರಿನ ಕಂಟ್ರಾಕ್ಟರ್ ಮುಖ ಹುಳ್ಳಗೆ ಮಾಡಿದ. ಆ ಮಹಾಶಯ ಅವಳು ಎದುರಿಗೇ ಇದ್ದರೂ ಅವಳೊಡನೆ ಮಾತಾಡುವವನಲ್ಲ. “ಖಂಡಪ್ಪ, ನಿನ್ನ ಹೇಣ್ತಿಗೆ ಹೇಳು. ಕೆಟ್ರ ಅಕಿ ಮತ್ತ ಘಮೇಲಾನ ಹೊರಬೇಕು” ಎಂದ.

ಬಿಳಿ ಸಿಮೆಂಟು, ಅಮೃತಶಿಲೆಯ ಪುಡಿ ಕಲಸಿ ಹನುಮವ್ವ ಎಳೆದ ತಳ ಕಣ್ಣಿಗೆ ಹಬ್ಬವಾಗಿತ್ತು. ಇನ್ನು ನೀರು ಬಿಡಬೇಕು. ಮೊದಲ ನೀರು ಬೀಳುವ ಮುಂಚೆ ಗಂಗವ್ವನ ಪೂಜೆ ಆಗಲೇಬೇಕೆಂಬುದು ಅವರ ಕಡೆಯ ಪದ್ಧತಿ. ಖುಷಿಯಲ್ಲಿ ಅವಳು ಇನ್ನೂ ಹಸಿಯಾಗಿದ್ದ ತಳದ ಮೇಲೆಯೇ ಹಿಡಿ ತುಂಬ ಅರಿಶಿನ ಹಾಕಿ, ಕಾಯಿ ಒಡೆದಳು. ನೋಡನೋಡುತ್ತಿದ್ದಂತೆ ಅರಿಶಿನ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಪ್ರತಿ ಮದುವೆಯಲ್ಲೂ ಆರತಿಯ ಕೆಂಪು ನೀರು ಮಾಡುವವರು ನಾವು. ಸಿಮೆಂಟಿಗೂ ಸುಣ್ಣದ್ದೇ ಗುಣವೆಂಬುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಗಾಬರಿಯಲ್ಲಿ ಅವಳು ತಂತಿ ಬ್ರಷ್ಷಿನಿಂದ ತಿಕ್ಕಿದಳು. ಕಲೆ ಹೋಗಲಿಲ್ಲ, ಗಿಲಾವು ಎದ್ದುಬಂತು.

ನನಗೆ ಸಿಟ್ಟು ನೆತ್ತಿಗೇರಿತು. “ಎಂತ ಮಾರಾಯ್ತಿ ಇದು!” ಎಂದು ಕೂಗಿಬಿಟ್ಟೆ.

“ಖಂಡಪ್ಪ, ನಾಳೆ ಬ್ಯಾರೆ ಮಿಸ್ತ್ರಿ ತರತೀನಿ” ಎಂದ ಶ್ರೀಮಂತ.

ಹನುಮವ್ವನ ಕಣ್ಣು ತುಂಬಿತ್ತು, ಕೈ ಮಾತ್ರ ಕರಣಿಯನ್ನು ಬಿಟ್ಟಿರಲಿಲ್ಲ. ನನ್ನ ಸಿಟ್ಟು ಇಳಿಯಿತು. “ಅಷ್ಟಕ್ಕೆ ಒಂದು ತೇಪೆ ಹಾಕು. ನೀರು ತುಂಬಿದ ಮೇಲೆ ಯಾರಿಗೆ ಕಾಣ್ತದೆ?” ಎಂದೆ.

“ತ್ಯಾಪಿ ಬ್ಯಾಡ್ರಿ ಅಕ್ಕಾರ. ಪೂಜಿ ಮಾಡಿದಾಕಿ ನಾನು, ಕೆಡಿಸಿದಾಕಿನೂ ನಾನು. ತಳ ಪೂರಾ ಕಿತ್ತು ನಾನ ಹಾಕತೀನಿ. ಕರಣಿ ಮಾತ್ರ ಕಸಗೋಬ್ಯಾಡ್ರಿ.”

“ಇವಳೇ ಹಾಕ್ತಾಳೆ” ಎಂದು ನಾನು ಶ್ರೀಮಂತನಿಗೆ ಖಡಕ್ಕಾಗಿ ಹೇಳಿದೆ.

ಉಳಿ, ಸುತ್ತಿಗೆ ಹಿಡಿದು ಅವಳು ತಳವನ್ನೆಲ್ಲ ಕಿತ್ತಳು. ಈ ಸಲ ಘಮೇಲಾ ಹೊತ್ತವನು ಖಂಡಪ್ಪ. ಪಕ್ಕದ ಬಿಲ್ಡಿಂಗಿನ ವಾಚ್‌ಮನ್ ನಕ್ಕಾಗ, “ನಮ್ಮ ಮಿಸ್ತ್ರಿ ಭಾಳ ಜೋರದಾಳ, ನಿಂತ್ರ ಬೈತಾಳ” ಎಂದು ತಾನೂ ನಕ್ಕ. ಅವನ ಮೇಲೆ ನನಗೆ ಅಂದಿನಿಂದ ವಿಶೇಷ ಗೌರವ.

ಎರಡನೆಯ ಸಲದ ಗಿಲಾವು ಗಟ್ಟಿಯಾದ ಮೇಲೆ ಪೂವಪ್ಪನವರು ಬರಿಗಾಲಲ್ಲಿ ಇಳಿದು, “ಬೆಣ್ಣೆಯ ಹಾಗುಂಟು” ಎಂದರು. ಪೂಜೆಯ ತಟ್ಟೆಯನ್ನು ನಾನೇ ತಂದೆ. ಹನುಮವ್ವ ಕೊಳದ ಒಳಗೆ ಚಿಟಿಕೆ ಅರಿಶಿನವನ್ನೂ ಹಾಕಗೊಡಲಿಲ್ಲ. ಕರಣಿಯನ್ನು ತೊಳೆದು ದಂಡೆಯ ಕಲ್ಲಿನ ಮೇಲಿಟ್ಟಳು. ನಾನು ಅದಕ್ಕೇ ಅರಿಶಿನ ಕುಂಕುಮ ಹಚ್ಚಿ ನಲ್ಲಿ ತಿರುಗಿಸಿದೆ.

ಅಷ್ಟರಲ್ಲಿ ಶ್ರೀಮಂತ ಬಂದ. ಚಪ್ಪಲಿ ಬಿಟ್ಟು ಇಳಿದು, ತಳದ ಮೇಲೆ ಅಂಗೈ ಆಡಿಸಿದ. ಆಮೇಲೆ ಖಂಡಪ್ಪನ ಕಡೆ ತಿರುಗಿ, “ಗೋರೆಗಾಂವ್‌ದಾಗ ಇಂಥದ ಒಂದು ಕೆಲಸ ಐತಿ. ನಿನ್ನ ಹೇಣ್ತಿಗೆ ಹೇಳು” ಎಂದ.

“ಇಲ್ಲೇ ನಿಂತಾಳಲ್ರಿ ಸಾವ್ಕಾರ” ಎಂದ ಖಂಡಪ್ಪ. “ನೀವ ಹೇಳ್ರಿ.”

ಶ್ರೀಮಂತ ಮೊದಲ ಸಲ ಅವಳ ಕಡೆ ತಿರುಗಿದ. “ಹನುಮವ್ವ ಮಿಸ್ತ್ರಿ, ಸೋಮವಾರ ಬರತೀರೇನ್ರಿ?”

ಹನುಮವ್ವ ಕರಣಿಯ ಹಿಡಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಏರುತ್ತಿದ್ದ ನೀರಿನಿಂದ ಕಣ್ಣು ತೆಗೆಯದೆ ಹೇಳಿದಳು: “ಕೊಳ ತುಂಬಲಿ ತಡೀರಿ. ಆಮ್ಯಾಲ ಹೇಳತೀನಿ.”