ಮಾಚಾ ಚೆಲ್ಲಿದ ಪುಟ

ಎಲ್ಲೂ ಹೆಚ್ಚು ದಿನ ನಿಲ್ಲದ ನನಗೆ ಆ ವರ್ಷ ಸಿಕ್ಕಿದ್ದು ಬೇರೆಯವರ ಮನೆ ಸಾಮಾನು ಸಾಗಿಸೋ ಕೆಲಸ. ಪರದೇಶದಲ್ಲಿ, ಮರ್ಸರ್ ಐಲ್ಯಾಂಡ್ ಅನ್ನೋ ಊರಲ್ಲಿ ಒಬ್ಬ ಜಪಾನಿ ಅಜ್ಜಿಯ ಮನೆ ಖಾಲಿ ಮಾಡಬೇಕಿತ್ತು. ಅಡುಗೆ, ಹೊಲಿಗೆ, ಹೂ ಜೋಡಿಸೋದು ಅಂತ ಅವರ ಯೌವನದ ಕಾಲದ ಜಪಾನಿ ಪತ್ರಿಕೆಗಳು ಗೋಡೆಯುದ್ದಕ್ಕೂ ಇದ್ದವು. ಹೊಸ ಮನೆ ಚಿಕ್ಕದು, ಒಂದೂ ಉಳಿಸದೆ ಹಳೇ ಪುಸ್ತಕದ ಅಂಗಡಿಯವನಿಗೆ ಕೊಡಬೇಕು ಅಂತ ಮಗನ ಹಠ. ಅಜ್ಜಿ ಮಾತ್ರ ಒಂದನ್ನು ಮಡಿಲಿಂದ ಇಳಿಸಿರಲಿಲ್ಲ. ಅದರ ಚಿತ್ರಗಳನ್ನು ನೋಡಿಕೊಂಡೇ ಮಾಚಾ ಟೀ ಮಾಡೋದು ಕಲಿತಿದ್ದರಂತೆ.

"ಕುಡಿದು ಹೋಗು," ಅಂತ ಆ ಪುಟ ಬಿಚ್ಚಿಟ್ಟು ಕೂತರು. ಹಸಿರು ಪುಡಿಗೆ ಬಿಸಿನೀರು ಹಾಕಿ, ಬಿದಿರಿನ ಪುಟ್ಟ ಕಡೆಗೋಲಿನಿಂದ ಕಲಕಿದರು. ತೋಳು ಅಲ್ಲಾಡಲಿಲ್ಲ, ಮಣಿಕಟ್ಟು ಮಾತ್ರ. ಹಾಲಿಲ್ಲದೆ ಅಂಥ ನೊರೆ ಬರೋದನ್ನ ನಾನು ಕಂಡಿರಲಿಲ್ಲ.

ಅಷ್ಟು ಚೆಂದದ ಬಟ್ಟಲನ್ನು ಎಂಜಲು ಮಾಡೋದು ಹೇಗೆ? ನಮ್ಮ ಮನೆ ಅಭ್ಯಾಸದಂತೆ ತುಟಿ ತಾಗಿಸದೆ ಎತ್ತಿ ಸುರಿದುಕೊಂಡೆ. ಅಗಲ ಬಾಯಿಯ ಬಟ್ಟಲು ನೋಡಿ, ಅರ್ಧ ಗಂಟಲಿಗೆ ಹೋಯಿತು, ಅರ್ಧ ಪತ್ರಿಕೆಗೆ.

"ಅಯ್ಯೋ, ತಪ್ಪಾಯ್ತು!" ಅಂತ ಅಂಗಿ ತುದಿಯಿಂದ ಒರೆಸಹೋದೆ.

"ಒರೆಸಬೇಡ!" ಅಜ್ಜಿ ನನ್ನ ಕೈ ಹಿಡಿದರು. ಆಮೇಲೆ ಮಗನನ್ನು ಕೂಗಿದರು. "ನೋಡಪ್ಪಾ, ಕಲೆಯಾಗೋಯ್ತು. ಇನ್ನು ಇದನ್ನ ಅಂಗಡಿಯವನು ತಗೊಳ್ತಾನಾ?"

ಮಗ ಪುಟ ನೋಡಿದ, ನನ್ನನ್ನೂ ನೋಡಿದ. "ಇಲ್ಲಮ್ಮಾ. ನೀನೇ ಇಟ್ಕೋ."

ಅವನು ಆಚೆ ಹೋದ ಮೇಲೆ ಅಜ್ಜಿ ಬಟ್ಟಲು ತೊಳೆದು ತಂದು, "ಇನ್ನೊಂದು ಸಲ ಕುಡೀತೀಯಾ?" ಅಂದರು. ಕೇಳುತ್ತಲೇ, ಇನ್ನೂ ಎರಡು ಪತ್ರಿಕೆ ನನ್ನ ಮುಂದೆ ಬಿಚ್ಚಿಟ್ಟರು.